ಓದುಗರ ಪ್ರಶ್ನೆ, ನಮ್ಮ ಉತ್ತರ: ಮಾರ್ಕ್ಸ್, ಡಾರ್ವಿನ್ ಮತ್ತು ಹೊಲದ ಮಣ್ಣು

ಮಾರ್ಕ್ಸ್‌ವಾದಕ್ಕೂ ಜೀವವಿಕಾಸಕ್ಕೂ ಪರಿಸರಕ್ಕೂ ಇರುವ ನಂಟಿನ ಬಗ್ಗೆ ಬಂದ ಪ್ರಶ್ನೆಗಳನ್ನು ಈ ಸಲ ಒಟ್ಟಿಗೆ ತೆಗೆದುಕೊಂಡಿದ್ದೇವೆ. ಒಂದೇ ಅರ್ಥದ ಪ್ರಶ್ನೆಗಳನ್ನು ಕೂಡಿಸಿದ್ದೇವೆ.

ಪ್ರಶ್ನೆ: ಮಾರ್ಕ್ಸ್ ತಮ್ಮ ‘ಬಂಡವಾಳ’ ಗ್ರಂಥವನ್ನು ಡಾರ್ವಿನ್ನರಿಗೆ ಅರ್ಪಿಸಲು ಹೊರಟಿದ್ದರು, ಡಾರ್ವಿನ್ ಬೇಡವೆಂದರು ಎಂದು ಭಾಷಣಗಳಲ್ಲಿ ಕೇಳಿದ್ದೇನೆ. ನಿಜವೇ? (ದಾವಣಗೆರೆ)

ಉತ್ತರ: ನಿಜವಲ್ಲ. ಈ ಮಾತು ಹುಟ್ಟಿದ್ದು 1880ರ ಅಕ್ಟೋಬರ್ 13ರಂದು ಡಾರ್ವಿನ್ ಬರೆದ ಒಂದು ಪತ್ರದಿಂದ. ತಮಗೆ ಪುಸ್ತಕ ಅರ್ಪಿಸುವುದು ಬೇಡ ಎಂದು ಅವರು ಅದರಲ್ಲಿ ನಯವಾಗಿ ಹೇಳಿದ್ದಾರೆ. ಆದರೆ ಪತ್ರದಲ್ಲಿ ‘ಮಾನ್ಯರೇ’ ಎಂದಷ್ಟೇ ಇದೆ, ಯಾರಿಗೆಂದು ಹೆಸರಿಲ್ಲ. ಮಾರ್ಕ್ಸ್ ಅವರ ಕಾಗದಪತ್ರಗಳ ನಡುವೆ ಸಿಕ್ಕಿದ್ದರಿಂದ ಅವರಿಗೇ ಬರೆದದ್ದೆಂದು ದಶಕಗಳ ಕಾಲ ಎಲ್ಲರೂ ನಂಬಿದರು. 1970ರ ದಶಕದಲ್ಲಿ ಸಂಶೋಧಕರು ಡಾರ್ವಿನ್ನರ ಕಡತಗಳನ್ನು ಹುಡುಕಿದಾಗ, ಅದರ ಹಿಂದಿನ ದಿನದ ತಾರೀಖಿನ ಇನ್ನೊಂದು ಪತ್ರ ಸಿಕ್ಕಿತು. ಬರೆದವರು ಎಡ್ವರ್ಡ್ ಏವ್‌ಲಿಂಗ್, ಮಾರ್ಕ್ಸ್ ಮಗಳು ಎಲಿನೋರ್ ಅವರ ಸಂಗಾತಿಯಾಗಿದ್ದವರು. ಡಾರ್ವಿನ್ ವಿಚಾರಗಳನ್ನು ವಿದ್ಯಾರ್ಥಿಗಳಿಗೆ ತಿಳಿಸುವ ತಮ್ಮದೇ ಪುಸ್ತಕವನ್ನು ಅರ್ಪಿಸಲು ಅವರು ಅನುಮತಿ ಕೇಳಿದ್ದರು. ತಂದೆಯ ಕಾಗದಗಳು ಎಲಿನೋರ್ ಬಳಿ ಇದ್ದವು. ಏವ್‌ಲಿಂಗ್ ಕಾಗದಗಳೂ ಅದೇ ಮನೆಯಲ್ಲಿದ್ದು, ಎರಡೂ ಬೆರೆತುಹೋದವು.

ನಡೆದದ್ದು ಇಷ್ಟೇ: 1873ರಲ್ಲಿ ಮಾರ್ಕ್ಸ್ ‘ಬಂಡವಾಳ’ದ ಮೊದಲ ಸಂಪುಟದ ಎರಡನೇ ಜರ್ಮನ್ ಆವೃತ್ತಿಯ ಪ್ರತಿಯೊಂದನ್ನು ಡಾರ್ವಿನ್ನರಿಗೆ ಕಳಿಸಿದರು. ಡಾರ್ವಿನ್ ಅಕ್ಟೋಬರ್ 1ರಂದು ಒಂದು ಚಿಕ್ಕ ಕೃತಜ್ಞತಾ ಪತ್ರ ಬರೆದರು. ಆ ಕಾಲದ ಪುಸ್ತಕಗಳ ಪುಟಗಳ ಅಂಚನ್ನು ಓದುವವರೇ ಕತ್ತರಿಸಿ ಬಿಡಿಸಿಕೊಳ್ಳಬೇಕಿತ್ತು. ಡಾರ್ವಿನ್ನರ ಪ್ರತಿಯಲ್ಲಿ 822 ಪುಟಗಳ ಪೈಕಿ 105ರ ಆಚೆಗಿನವು ಕತ್ತರಿ ಕಂಡಿಲ್ಲ.

ಪ್ರಶ್ನೆ: ಹಾಗಾದರೆ ಮಾರ್ಕ್ಸ್ ಡಾರ್ವಿನ್ನರನ್ನು ಪೂರ್ತಿ ಒಪ್ಪಿದ್ದರೇ? (ತುಮಕೂರು)

ಉತ್ತರ: ಒಪ್ಪಿದ್ದೂ ಉಂಟು, ತಕರಾರು ತೆಗೆದದ್ದೂ ಉಂಟು. ಎರಡನ್ನೂ ಬೇರೆ ಬೇರೆಯಾಗಿ ನೋಡಬೇಕು. ಏಕೆಂದರೆ ಆ ತಕರಾರನ್ನು ಮುಂದೆ ಬೇರೆಯವರು ಎಲ್ಲಿಂದೆಲ್ಲಿಗೋ ಎಳೆದುಕೊಂಡು ಹೋದರು.

ಡಾರ್ವಿನ್ನರ ‘ಜೀವಿಸಂಕುಲಗಳ ಉಗಮ’ 1859ರ ನವೆಂಬರ್‌ನಲ್ಲಿ ಹೊರಬಂತು. ಮಾರ್ಕ್ಸ್ ಅವರ ಗೆಳೆಯ, ಸಹಲೇಖಕ ಎಂಗೆಲ್ಸ್ ಮುಂದಿನ ತಿಂಗಳೇ ಓದಿದರು, ಮಾರ್ಕ್ಸ್ ಒಂದು ವರ್ಷ ತಡವಾಗಿ ಓದಿದರು. ನಮ್ಮ ದೃಷ್ಟಿಗೆ ಬೇಕಾದ ನಿಸರ್ಗಚರಿತ್ರೆಯ ಬುನಾದಿ ಈ ಪುಸ್ತಕದಲ್ಲಿದೆ ಎಂಬ ಅರ್ಥದ ಮಾತನ್ನು ಅವರು 1860ರ ಡಿಸೆಂಬರ್ 19ರ ಪತ್ರದಲ್ಲಿ ಬರೆದರು. ಅವರಿಗೆ ಹಿಡಿಸಿದ್ದು ಮುಖ್ಯವಾಗಿ ಒಂದು ಸಂಗತಿ. ಜೀವಿಗಳ ರಚನೆಯ ಹಿಂದೆ ಮೊದಲೇ ಬರೆದಿಟ್ಟ ಗುರಿಯೊಂದಿದೆ ಎಂಬ ಕಲ್ಪನೆಯನ್ನು ಡಾರ್ವಿನ್ ಪುರಾವೆ ಕೊಟ್ಟು ಕೆಡವಿದ್ದರು.

ತಕರಾರು 1862ರ ಜೂನ್ ತಿಂಗಳ ಪತ್ರದಲ್ಲಿದೆ: ಪೈಪೋಟಿ, ಶ್ರಮವಿಭಜನೆ, ಹೊಸ ಮಾರುಕಟ್ಟೆ ಹೀಗೆ ಇಂಗ್ಲೆಂಡಿನ ಸಮಾಜವನ್ನೇ ಡಾರ್ವಿನ್ ಪ್ರಾಣಿಸಸ್ಯಗಳಲ್ಲಿ ಕಾಣುತ್ತಿದ್ದಾರೆ ಎಂದು. ಜನಸಂಖ್ಯೆ ಆಹಾರವನ್ನು ಮೀರಿ ಬೆಳೆಯುತ್ತದೆ, ಬಡತನ ಅದರ ಸಹಜ ಫಲ ಎಂಬ ಇಂಗ್ಲೆಂಡಿನ ಅರ್ಥಶಾಸ್ತ್ರಜ್ಞ ಮಾಲ್ಥಸ್ ವಾದವನ್ನು ಮಾರ್ಕ್ಸ್ ಮೊದಲಿನಿಂದಲೂ ವಿರೋಧಿಸುತ್ತಿದ್ದರು. ಡಾರ್ವಿನ್ನರಿಗೆ ಹೊಳಹು ಸಿಕ್ಕಿದ್ದು ಅದೇ ಮಾಲ್ಥಸ್‌ನಿಂದ. ಆದರೆ ಆ ವಿರೋಧ ಮನುಷ್ಯ ಸಮಾಜದ ಬಗ್ಗೆ, ಗಿಡಮರಗಳ ಬಗ್ಗೆ ಅಲ್ಲ. ಎಂಗೆಲ್ಸ್ 1878ರಲ್ಲಿ ಇದನ್ನು ಬಿಡಿಸಿಯೇ ಹೇಳಿದರು: ನಿಸರ್ಗ ಎಷ್ಟು ಬೀಜ ಉದುರಿಸುತ್ತದೆ, ಅದರಲ್ಲಿ ಎಷ್ಟು ಬದುಕುತ್ತವೆ ಎಂದು ನೋಡಿದರೆ ಸಾಕು, ಬದುಕಿಗಾಗಿ ಹೋರಾಟ ಕಾಣಲು ಮಾಲ್ಥಸ್ ಬೇಕಿಲ್ಲ. ಈ ಮಾತನ್ನು ನೆನಪಿಟ್ಟುಕೊಳ್ಳಿ, ಕೆಳಗೆ ಸೋವಿಯತ್ ಕೃಷಿವಿಜ್ಞಾನಿ ಲೈಸೆಂಕೋ ಬಗೆಗಿನ ಉತ್ತರದಲ್ಲಿ ಮತ್ತೆ ಬರುತ್ತದೆ.

ಮಾರ್ಕ್ಸ್ ಎಡವಿದ್ದನ್ನೂ ಹೇಳಬೇಕು. 1866ರಲ್ಲಿ ಅವರು ಪಿಯರ್ ತ್ರೆಮೋ ಎಂಬ ಫ್ರೆಂಚ್ ಲೇಖಕನ ಪುಸ್ತಕಕ್ಕೆ ಮಾರುಹೋದರು. ಮಣ್ಣಿನ ಗುಣವೇ ಜೀವಿಗಳ ಬದಲಾವಣೆಯನ್ನು ನಿರ್ಧರಿಸುತ್ತದೆ ಎನ್ನುವುದು ಅದರ ವಾದ. ಇದು ಡಾರ್ವಿನ್ನರಿಗಿಂತ ಮುಂದಿನ ಹೆಜ್ಜೆ ಎಂದುಬಿಟ್ಟರು ಮಾರ್ಕ್ಸ್. ಭೂವಿಜ್ಞಾನವೇ ಗೊತ್ತಿಲ್ಲದವನ ಪುಸ್ತಕ ಎಂದು ಎಂಗೆಲ್ಸ್ ತಿರುಗಿ ಬರೆದರು. ಮುಂದಿನ ವರ್ಷ ಬಂದ ‘ಬಂಡವಾಳ’ದಲ್ಲಿ ಉಳಿದದ್ದು ಡಾರ್ವಿನ್. ಯಂತ್ರಗಳ ಅಧ್ಯಾಯದ ಒಂದು ಅಡಿಟಿಪ್ಪಣಿಯಲ್ಲಿ, ಗಿಡ ಮತ್ತು ಪ್ರಾಣಿಗಳ ಅಂಗಗಳ ಇತಿಹಾಸವನ್ನು ಡಾರ್ವಿನ್ ಬರೆದ ಹಾಗೆ ಮನುಷ್ಯನ ಸಲಕರಣೆಗಳ ಇತಿಹಾಸವನ್ನೂ ಬರೆಯಬೇಡವೇ ಎಂದು ಮಾರ್ಕ್ಸ್ ಕೇಳುತ್ತಾರೆ.

ಪ್ರಶ್ನೆ: ‘ಚಯಾಪಚಯದ ಬಿರುಕು’ ಎಂಬ ಮಾತು ಈಗೀಗ ಲೇಖನಗಳಲ್ಲಿ ಕಾಣುತ್ತಿದೆ. ಹಾಗೆಂದರೇನು? ನಮ್ಮಂಥ ತೋಟದವರಿಗೆ ಅದರಿಂದ ತಿಳಿಯಬೇಕಾದದ್ದು ಏನಾದರೂ ಇದೆಯೇ? (ಶಿರಸಿ)

ಉತ್ತರ: ಇದೆ. ಮಾರ್ಕ್ಸ್ ಪರಿಸರ ಚಿಂತನೆಯ ತಿರುಳು ಇದೇ, ಮತ್ತು ಅದು ಶುರುವಾಗುವುದೇ ಗೊಬ್ಬರದಿಂದ.

ಜರ್ಮನಿಯ ರಸಾಯನ ವಿಜ್ಞಾನಿ ಯುಸ್ಟುಸ್ ಫಾನ್ ಲೀಬಿಗ್ 1840ರಲ್ಲಿ ಪ್ರಕಟಿಸಿದ ಕೃಷಿ ರಸಾಯನದ ಗ್ರಂಥ, ಬೆಳೆ ಮಣ್ಣಿನಿಂದ ಖನಿಜಗಳನ್ನು ಎತ್ತಿಕೊಳ್ಳುತ್ತದೆ, ಎತ್ತಿದ್ದನ್ನು ಹಿಂದಿರುಗಿಸದಿದ್ದರೆ ಮಣ್ಣು ಬರಡಾಗುತ್ತದೆ ಎಂದಿತು. ಅದರ 1862ರ ಏಳನೇ ಆವೃತ್ತಿಯಲ್ಲಿ ಅವರು ಇಂಗ್ಲೆಂಡಿನ ಬೇಸಾಯವನ್ನು ನೇರವಾಗಿ ದರೋಡೆ ಎಂದು ಕರೆದರು. ಮಾರ್ಕ್ಸ್ ಇದನ್ನು ಕುಳಿತು ಟಿಪ್ಪಣಿ ಮಾಡಿಕೊಂಡು ಓದಿದರು. ಎಲ್ಲ ಅರ್ಥಶಾಸ್ತ್ರಜ್ಞರನ್ನು ಒಟ್ಟು ಸೇರಿಸಿದರೂ ಈ ಹೊಸ ಕೃಷಿ ರಸಾಯನಕ್ಕಿರುವ ಮಹತ್ವ ಬರದು ಎಂಬ ಅರ್ಥದಲ್ಲಿ 1866ರಲ್ಲಿ ಎಂಗೆಲ್ಸ್‌ಗೆ ಬರೆದರು. ಆಹಾರ ಒಳಹೋಗಿ, ಶಕ್ತಿಯಾಗಿ, ತ್ಯಾಜ್ಯವಾಗಿ ಹೊರಬರುವ ಕ್ರಿಯೆಯನ್ನು ನಾವು ಚಯಾಪಚಯ ಎನ್ನುತ್ತೇವಲ್ಲ, ಅದೇ ಪದವನ್ನು ಮಾರ್ಕ್ಸ್ ಮನುಷ್ಯ ಮತ್ತು ಭೂಮಿಯ ನಡುವಿನ ಕೊಡುಕೊಳ್ಳುವಿಕೆಗೆ ಬಳಸಿದರು. ಜನ ಪಟ್ಟಣಗಳಲ್ಲಿ ತುಂಬಿದಾಗ ಹೊಲದ ಸತ್ವ ಧಾನ್ಯ ಮತ್ತು ನೂಲಿನ ರೂಪದಲ್ಲಿ ಪಟ್ಟಣಕ್ಕೆ ಹೋಗುತ್ತದೆ, ಹಿಂದಿರುಗುವುದಿಲ್ಲ. ಬಿರುಕು ಎಂದರೆ ಇದು. 45 ಲಕ್ಷ ಜನರ ಮಲಮೂತ್ರವನ್ನು ಅಪಾರ ಖರ್ಚು ಮಾಡಿ ಥೇಮ್ಸ್ ನದಿಗೆ ಸುರಿಯುವುದಕ್ಕಿಂತ ಬೇರೆ ದಾರಿ ಲಂಡನ್ನಿಗೆ ತೋಚಲಿಲ್ಲ ಎಂದು ಅವರು ‘ಬಂಡವಾಳ’ದ ಮೂರನೇ ಸಂಪುಟದಲ್ಲಿ ಬರೆದಿದ್ದಾರೆ.

ಬಿರುಕು ಮುಚ್ಚಲು ಆಗ ಇಂಗ್ಲೆಂಡ್ ಮಾಡಿದ್ದೇನು? ಪೆರುವಿನ ಚಿಂಚಾ ದ್ವೀಪಗಳಲ್ಲಿ ಶತಮಾನಗಳಿಂದ ಗುಡ್ಡೆಬಿದ್ದಿದ್ದ ಕಡಲ ಹಕ್ಕಿಗಳ ಹಿಕ್ಕೆಯನ್ನು ಹಡಗಿನಲ್ಲಿ ತರಿಸಿತು. ಅದನ್ನು ಅಗೆದವರು ಚೀನಾದಿಂದ ಕರಾರಿನ ಮೇಲೆ ಸಾಗಿಸಿದ್ದ ಕೂಲಿಗಳು. ಯುರೋಪಿನ ರಣರಂಗಗಳಿಂದ ಮೂಳೆಯನ್ನೂ ತರಿಸಿತು. ಇಲ್ಲಿ ಗಮನಿಸಬೇಕಾದದ್ದು, ಬಿರುಕು ಮುಚ್ಚಲಿಲ್ಲ, ಬೇರೆಯವರ ನೆಲಕ್ಕೆ ಜರುಗಿತು.

ಈಗ ನಿಮ್ಮ ಗದ್ದೆಯ ಲೆಕ್ಕ. ಒಂದು ಟನ್ ಭತ್ತ ಬೆಳೆಯಲು ಕಾಳು ಮತ್ತು ಹುಲ್ಲು ಸೇರಿ ಪೈರು ಎತ್ತುವುದು ಸುಮಾರು 15ರಿಂದ 20 ಕೆ.ಜಿ. ಸಾರಜನಕ, 3 ಕೆ.ಜಿ. ರಂಜಕ, 15ರಿಂದ 20 ಕೆ.ಜಿ. ಪೊಟ್ಯಾಸಿಯಂ. ಇದರಲ್ಲಿ ಸಾರಜನಕ ಮತ್ತು ರಂಜಕದ ಹೆಚ್ಚು ಪಾಲು ಕಾಳಿಗೆ ಹೋಗುತ್ತದೆ, ಪೊಟ್ಯಾಸಿಯಂನ ಮುಕ್ಕಾಲಿಗೂ ಹೆಚ್ಚು ಹುಲ್ಲಿನಲ್ಲಿ ಉಳಿಯುತ್ತದೆ. ಹಾಗಾಗಿ ಅಕ್ಕಿ ಮಾರಿ ಹುಲ್ಲನ್ನು ಕೊಟ್ಟಿಗೆಗೆ ಹಾಕಿ ಗೊಬ್ಬರ ಹಿಂದಿರುಗಿಸುವ ಮನೆಯಲ್ಲಿ ಪೊಟ್ಯಾಷ್ ಕೊರತೆ ನಿಧಾನ. ಹುಲ್ಲನ್ನೂ ಲಾರಿಗೆ ಹತ್ತಿಸಿದರೆ ಅದು ಬೇಗ ಬೀಳುತ್ತದೆ.

ಸೊಪ್ಪಿನ ಬೆಟ್ಟದ, ಅಂದರೆ ತೋಟಕ್ಕೆ ಸೊಪ್ಪು ತರುವ ಕಾಡುನೆಲದ, ವಿಷಯ ನಿಮಗೆ ನಾವು ಹೇಳಬೇಕಾಗಿಲ್ಲ. ಉತ್ತರ ಕನ್ನಡದಲ್ಲಿ ಒಂದು ಎಕರೆ ತೋಟಕ್ಕೆ 9 ಎಕರೆವರೆಗೆ ಬೆಟ್ಟದ ಹಕ್ಕು ಕೊಟ್ಟಿದ್ದು ಸುಮ್ಮನೆ ಅಲ್ಲ. ಸೊಪ್ಪು ಮತ್ತು ದರಕು (ಒಣಗಿ ಉದುರಿದ ಎಲೆ) ಕೊಟ್ಟಿಗೆಗೆ, ಅಲ್ಲಿಂದ ಗೊಬ್ಬರಗುಂಡಿಗೆ, ಗುಂಡಿಯಿಂದ ಮರದ ಬುಡಕ್ಕೆ: ಇದು ಬೆಟ್ಟದ ಸತ್ವವನ್ನು ತೋಟಕ್ಕೆ ಇಳಿಸುವ ಏರ್ಪಾಡು. ಬೆಟ್ಟಕ್ಕೆ ಏನೂ ಹಿಂದಿರುಗುವುದಿಲ್ಲ, ಮರದ ಬೇರು ಆಳದಿಂದ ಎತ್ತಿಕೊಡುವುದನ್ನು ಬಿಟ್ಟರೆ. ಅದಕ್ಕೇ ಒಂದೇ ಮರವನ್ನು ವರ್ಷ ಬಿಡದೆ ಬೋಳಿಸಿದರೆ, ಉದುರಿದ ದರಕನ್ನು ನೆಲ ಕಾಣುವಂತೆ ಗುಡಿಸಿದರೆ, ಬೆಟ್ಟ ಬೋಳಾಗಿ ತೋಟವೂ ಹಿಂದೆಯೇ ಸೊರಗುತ್ತದೆ. ಇನ್ನೊಂದು ಸಾಮಾನ್ಯ ತಪ್ಪು, ಕೊಳೆಯದ ದರಕನ್ನು ಬುಡದ ಮಣ್ಣಿಗೆ ಬೆರೆಸುವುದು. ಅದರಲ್ಲಿ ಇಂಗಾಲ ಹೆಚ್ಚು, ಸಾರಜನಕ ಕಡಿಮೆ. ಕೊಳೆಸುವ ಸೂಕ್ಷ್ಮಜೀವಿಗಳು ತಮಗೆ ಬೇಕಾದ ಸಾರಜನಕವನ್ನು ಮಣ್ಣಿನಿಂದಲೇ ಎಳೆದುಕೊಳ್ಳುತ್ತವೆ, ಗಿಡ ಹಳದಿಗೆ ತಿರುಗುತ್ತದೆ. ಮೇಲೆ ಹೊದಿಕೆಯಾಗಿ ಹಾಸಿದರೆ ಈ ತೊಂದರೆ ಇಲ್ಲದಷ್ಟು ಕಡಿಮೆ.

ಪಟ್ಟಣದಿಂದ ಹಿಂದಿರುಗಿಸುವ ದಾರಿಯಲ್ಲಿ ಸುಲಭವಾದದ್ದು ಮೂತ್ರ. ಒಬ್ಬ ವಯಸ್ಕರ ಮೂತ್ರದಲ್ಲಿ, ಊಟಕ್ಕೆ ತಕ್ಕಂತೆ, ವರ್ಷಕ್ಕೆ 2ರಿಂದ 4 ಕೆ.ಜಿ. ಸಾರಜನಕ ಇರುತ್ತದೆ. ಅದನ್ನು ಗಾಳಿಯಾಡದ ಕ್ಯಾನಿನಲ್ಲಿ ತುಂಬಿ ಮುಚ್ಚಿಡಬೇಕು. ಮನೆಯದ್ದೇ ಆದರೆ ತಿಂಗಳಾದರೂ, ಹಲವರದ್ದು ಸೇರಿದ್ದರೆ ಆರು ತಿಂಗಳು. ಒಳಗೆ ಯೂರಿಯಾ ಅಮೋನಿಯಾ ಆಗಿ ಕ್ಷಾರತೆ ಏರುತ್ತದೆ, ರೋಗಾಣು ಸಾಯುವುದು ಅದರಿಂದಲೇ. ಮುಚ್ಚಳ ಸಡಿಲವಿದ್ದರೆ ಅಮೋನಿಯಾ ಗಾಳಿಗೆ ಹೋಗಿ ಬರೀ ವಾಸನೆ ಉಳಿಯುತ್ತದೆ. ಒಂದು ಪಾಲಿಗೆ 3ರಿಂದ 10 ಪಾಲು ನೀರು ಬೆರೆಸಿ, ಎಲೆಗೆ ತಾಗದಂತೆ ಸಾಲಿನಲ್ಲಿ ಸುರಿದು ಕೂಡಲೇ ಮಣ್ಣು ಮುಚ್ಚಬೇಕು. ಮಳೆ ಕಡಿಮೆಯ ಕಪ್ಪು ಮಣ್ಣಿನಲ್ಲಿ ಉಪ್ಪು ನಿಲ್ಲುತ್ತದೆ, ಅಲ್ಲಿ ಜಾಗ್ರತೆ ಬೇಕು.

ಬೆಂಗಳೂರಿನ ಕೊಳಚೆಯನ್ನು ಎರಡನೇ ಹಂತದವರೆಗೆ ಸಂಸ್ಕರಿಸಿ 2018ರಿಂದ ಕೋಲಾರದ ಕೆರೆಗಳಿಗೆ ಹರಿಸುತ್ತಿರುವ ಕೆ.ಸಿ. (ಕೋರಮಂಗಲ-ಚಲ್ಲಘಟ್ಟ) ವ್ಯಾಲಿ ಯೋಜನೆಯನ್ನು ಕೆಲವರು ಬಿರುಕು ಮುಚ್ಚುವ ಮಾದರಿ ಎನ್ನುತ್ತಾರೆ. ನಮ್ಮ ಅಭಿಪ್ರಾಯದಲ್ಲಿ ಅದು ನೀರನ್ನು ಹಿಂದಿರುಗಿಸುತ್ತದೆ, ಅದು ಸಣ್ಣ ಮಾತಲ್ಲ. ಆದರೆ ನೀರಿನಲ್ಲಿ ಉಳಿದ ಸಾರಜನಕ ಮತ್ತು ರಂಜಕ ಬೆಳೆಗೆ ತಲುಪುವ ಮೊದಲು ಕೆರೆಯಲ್ಲೇ ನಿಂತರೆ ಪಾಚಿ ಮತ್ತು ಅಂತರಗಂಗೆಗೆ ಗೊಬ್ಬರವಾಗುತ್ತದೆ. ಇವನ್ನೂ ತೆಗೆಯುವ ಮೂರನೇ ಹಂತದ ಸಂಸ್ಕರಣೆ ಬೇಕೆಂದು ಅಲ್ಲಿನ ರೈತರು ಕೇಳುತ್ತಿರುವುದು ನ್ಯಾಯವಾಗಿದೆ.

ಪ್ರಶ್ನೆ: ಶ್ರಮವೊಂದೇ ಸಂಪತ್ತಿನ ಮೂಲ ಎನ್ನುವ ಮಾರ್ಕ್ಸ್‌ಗೆ ನಿಸರ್ಗದ ಬೆಲೆ ಹೇಗೆ ಗೊತ್ತಿರಲು ಸಾಧ್ಯ? (ಉಡುಪಿ)

ಉತ್ತರ: ಆ ಮಾತು ಮಾರ್ಕ್ಸ್ ಅವರದ್ದಲ್ಲ. ಜರ್ಮನ್ ಕಾರ್ಮಿಕ ಪಕ್ಷದ 1875ರ ಕರಡು ಕಾರ್ಯಕ್ರಮದ ಮೊದಲ ಸಾಲು ಅದು. ಮಾರ್ಕ್ಸ್ ಅದನ್ನು ತಿದ್ದಿದರು: ಶ್ರಮ ಎಲ್ಲ ಸಂಪತ್ತಿನ ಮೂಲವಲ್ಲ, ಬಳಕೆ ಮೌಲ್ಯಗಳಿಗೆ (ಬದುಕಿಗೆ ಉಪಯೋಗವಾಗುವ ವಸ್ತುಗಳಿಗೆ) ನಿಸರ್ಗವೂ ಅಷ್ಟೇ ಮೂಲ ಎಂದರು. ಸಂಪತ್ತು ಬೇರೆ, ಮಾರುಕಟ್ಟೆಯ ಮೌಲ್ಯ ಬೇರೆ. ಮಾರುಕಟ್ಟೆ ಶ್ರಮವನ್ನಷ್ಟೇ ಎಣಿಸುತ್ತದೆ, ಮಣ್ಣು ನೀರುಗಳನ್ನು ಬಿಟ್ಟಿ ಎಂದು ಬರೆದುಕೊಳ್ಳುತ್ತದೆ ಎಂಬುದು ಅವರ ದೂರು.

ಪ್ರಶ್ನೆ: ವಾನರ ಮನುಷ್ಯನಾದದ್ದರಲ್ಲಿ ಶ್ರಮದ ಪಾತ್ರದ ಬಗ್ಗೆ ಎಂಗೆಲ್ಸ್ ಬರೆದ ಲೇಖನ ಈಗಲೂ ನಿಲ್ಲುತ್ತದೆಯೇ? (ಮೈಸೂರು)

ಉತ್ತರ: ಅರ್ಧ ನಿಲ್ಲುತ್ತದೆ. 1876ರಲ್ಲಿ ಬರೆದ ಈ ಅಪೂರ್ಣ ಲೇಖನ ಎಂಗೆಲ್ಸ್ ತೀರಿಕೊಂಡ ಮೇಲೆ 1896ರಲ್ಲಿ ಅಚ್ಚಾಯಿತು. ಮೊದಲು ನೆಟ್ಟಗೆ ನಡೆಯುವುದು, ಅದರಿಂದ ಕೈ ಬಿಡುವಾಗುವುದು, ಕೈಕೆಲಸ ಮತ್ತು ಮಾತಿನ ಒತ್ತಡದಲ್ಲಿ ಮಿದುಳು ಬೆಳೆಯುವುದು ಎಂಬುದು ಅವರು ಹೇಳಿದ ಕ್ರಮ. ಮಿದುಳೇ ಮೊದಲು ದೊಡ್ಡದಾಯಿತು ಎಂದು ಅನೇಕ ವಿದ್ವಾಂಸರು ನಂಬಿದ್ದ ಕಾಲ ಅದು. ದೊಡ್ಡ ತಲೆಬುರುಡೆಗೆ ವಾನರ ದವಡೆ ಜೋಡಿಸಿದ ಪಿಲ್ಟ್‌ಡೌನ್ ಮೋಸ 1912ರಿಂದ 1953ರವರೆಗೆ ಬಾಳಲು ಈ ನಂಬಿಕೆಯೂ ಕಾರಣ. 1974ರಲ್ಲಿ ಇಥಿಯೋಪಿಯಾದಲ್ಲಿ ಸಿಕ್ಕ 32 ಲಕ್ಷ ವರ್ಷ ಹಳೆಯ ‘ಲೂಸಿ’ಯ ಎಲುಬುಗಳು ನೆಟ್ಟಗೆ ನಡೆದವಳದ್ದು, ಮಿದುಳು ಮಾತ್ರ ಚಿಂಪಾಂಜಿಯದ್ದರಷ್ಟು. ಕ್ರಮದ ವಿಷಯದಲ್ಲಿ ಎಂಗೆಲ್ಸ್ ಸರಿ.

ನಿಲ್ಲದ ಅರ್ಧ ಯಾವುದೆಂದರೆ, ಬಳಸಿ ಪಳಗಿದ ಕೈಯ ನಯ ಹಾಗೇ ಮಕ್ಕಳಿಗೆ ಇಳಿಯುತ್ತದೆ ಎಂದು ಅವರು ಬರೆದದ್ದು. ಕಮ್ಮಾರನ ತೋಳು ಮಗನಿಗೆ ಹುಟ್ಟಿನಿಂದ ಬರುವುದಿಲ್ಲ. ಡಾರ್ವಿನ್ ಕೂಡ ಇಂಥದ್ದನ್ನು ಸ್ವಲ್ಪ ಮಟ್ಟಿಗೆ ನಂಬಿದ್ದರು, ಮೆಂಡೆಲ್ 1866ರಲ್ಲೇ ಪ್ರಕಟಿಸಿದ್ದ ಅನುವಂಶೀಯತೆಯ ನಿಯಮವನ್ನು ಆಗ ಹೆಚ್ಚಿನವರು ಗಮನಿಸಿರಲಿಲ್ಲ.

ಈ ಲೇಖನದ ಕೊನೆಯ ಭಾಗವನ್ನು ತಪ್ಪದೆ ಓದಿ. ನಿಸರ್ಗದ ಮೇಲಿನ ನಮ್ಮ ಪ್ರತಿ ಗೆಲುವಿಗೂ ಅದು ಸೇಡು ತೀರಿಸಿಕೊಳ್ಳುತ್ತದೆ ಎನ್ನುವ ಎಂಗೆಲ್ಸ್, ಉದಾಹರಣೆಗಳನ್ನು ಕೊಡುತ್ತಾರೆ. ಕ್ಯೂಬಾದಲ್ಲಿ ಸ್ಪೇನಿನ ತೋಟಗಾರರು ಇಳಿಜಾರಿನ ಕಾಡು ಸುಟ್ಟರು. ಬೂದಿಯ ಗೊಬ್ಬರ ಕಾಫಿಯ ಒಂದು ತಲೆಮಾರಿಗೆ ಸಾಕಾಯಿತು. ಆಮೇಲೆ ಬಿರುಮಳೆ ಬರಿಯ ಬಂಡೆ ಬಿಟ್ಟು ಮೇಲ್ಮಣ್ಣನ್ನೆಲ್ಲ ಕೊಚ್ಚಿಕೊಂಡು ಹೋಯಿತು.

ಪ್ರಶ್ನೆ: ಬೀಜಕ್ಕೆ ಚಳಿ ಕೊಡುವ ಲೈಸೆಂಕೋ ವಿಧಾನ ಪಠ್ಯಪುಸ್ತಕದಲ್ಲೇ ಇದೆ. ಹಾಗಿದ್ದ ಮೇಲೆ ಅವರನ್ನು ಹುಸಿ ವಿಜ್ಞಾನಿ ಎನ್ನುವುದು ಏಕೆ? (ಧಾರವಾಡ)

ಉತ್ತರ: ವಿಧಾನದ ಹಿಂದಿನ ಸಂಗತಿ ನಿಜ, ಅದರ ಮೇಲೆ ಕಟ್ಟಿದ ಸಿದ್ಧಾಂತ ಸುಳ್ಳು. ಚಳಿಗಾಲದ ಗೋಧಿ ತಳಿಗೆ ಎಳೆಯದರಲ್ಲಿ ಕೆಲವು ವಾರ ಚಳಿ ತಾಗದಿದ್ದರೆ ಹೂ ಬರುವುದಿಲ್ಲ. ಜರ್ಮನಿಯ ಗಾಸ್ನರ್ 1918ರಲ್ಲೇ ಇದನ್ನು ಪ್ರಯೋಗದಿಂದ ತೋರಿಸಿದ್ದರು. ಬೀಜಕ್ಕೆ ಮೊಳಕೆ ಕಣ್ಣು ಬಿಡುವಷ್ಟೇ ನೀರು ಕುಡಿಸಿ, 0ಯಿಂದ 10 ಡಿಗ್ರಿ ಸೆಲ್ಸಿಯಸ್‌ನಲ್ಲಿ 4ರಿಂದ 8 ವಾರ ಇಟ್ಟರೆ, ವಸಂತದಲ್ಲಿ ಬಿತ್ತಿದರೂ ತೆನೆ ಬರುತ್ತದೆ. ಪ್ರಯೋಗಶಾಲೆಯ ಹಿಡಿ ಬೀಜಕ್ಕೆ ಇದು ಸುಲಭ. ಸಾಮೂಹಿಕ ಬೇಸಾಯದ ಕಣದಲ್ಲಿ ಟನ್‌ಗಟ್ಟಲೆ ರಾಶಿಗೆ ಹಾಗಲ್ಲ. ನೀರು ಹೆಚ್ಚಾದರೆ ಮೊಳಕೆ ಉದ್ದವಾಗಿ ಕೂರಿಗೆಯಲ್ಲಿ ಮುರಿಯುತ್ತದೆ. ರಾಶಿಯ ಒಳಗೆ ಬಿಸಿ ಏರಿದರೆ ಬೂಸ್ಟು ಹಿಡಿಯುತ್ತದೆ, ಚಳಿಯ ಪರಿಣಾಮವೂ ಅಳಿಯಬಹುದು.

ಲೈಸೆಂಕೋ ಇದರಿಂದ ಮುಂದೆ ಜಿಗಿದು, ಹೀಗೆ ಪಳಗಿಸಿದ ಗುಣ ಸಂತತಿಗೂ ಇಳಿಯುತ್ತದೆ, ಚಳಿಗಾಲದ ತಳಿಯನ್ನೇ ವಸಂತದ ತಳಿಯಾಗಿ ಬದಲಿಸಬಹುದು ಎಂದರು. 1935ರಲ್ಲಿ ಇದಕ್ಕೆ ಆಧಾರವಾಗಿ ತೋರಿಸಿದ ಪ್ರಯೋಗ ಶುರುವಾದದ್ದು ಎರಡೇ ಗಿಡಗಳಿಂದ, ಅದರಲ್ಲಿ ಒಂದು ಸತ್ತುಹೋಯಿತು. ಉಳಿದ ಒಂದು ಗಿಡ ಬೆರಕೆಯೋ, ಬೀಜದ ಚೀಲದಲ್ಲಿ ಬಂದ ಬೇರೆ ತಳಿಯದ್ದೋ ಎಂದು ಪರೀಕ್ಷಿಸಲು ಹೋಲಿಕೆಯ ಸಾಲೇ ಇರಲಿಲ್ಲ. ಈಗ ಜೀನ್ ಮಟ್ಟದಲ್ಲಿ ಕಾರಣವೂ ತಿಳಿದಿದೆ. ಹೂ ಬಿಡುವುದನ್ನು ತಡೆಯುವ ಜೀನನ್ನು ಚಳಿ ಮುಚ್ಚುತ್ತದೆ, ಆದರೆ ಪ್ರತಿ ಹೊಸ ಬೀಜದಲ್ಲಿ ಅದು ಮತ್ತೆ ಮೊದಲಿನ ಸ್ಥಿತಿಗೆ ಬರುತ್ತದೆ. ಚಳಿಯ ನೆನಪು ಆ ಗಿಡದ ಬಾಳಿನಷ್ಟೇ.

ಮಾಲ್ಥಸ್ ಮಾತು ಈಗ ಮತ್ತೆ ಬರುತ್ತದೆ. ಒಂದೇ ಜಾತಿಯ ಗಿಡಗಳ ನಡುವೆ ಪೈಪೋಟಿ ಇಲ್ಲ, ಅದು ಬಂಡವಾಳಶಾಹಿ ಕಲ್ಪನೆ ಎಂದು ಲೈಸೆಂಕೋ ಸಾರಿದರು. 1948ರ ಅಕ್ಟೋಬರ್‌ನಲ್ಲಿ ಸ್ಟಾಲಿನ್ ಸರ್ಕಾರ ಹುಲ್ಲುಗಾವಲು ಸೀಮೆಯಲ್ಲಿ ಗಾಳಿತಡೆ ಕಾಡು ಬೆಳೆಸುವ ಭಾರಿ ಯೋಜನೆ ಹಾಕಿದಾಗ, ಓಕ್ ಬೀಜಗಳನ್ನು ಗೂಡುಗೂಡಾಗಿ ಒತ್ತೊತ್ತಾಗಿ ಬಿತ್ತಿಸಿದರು. ಸಸಿಗಳು ಒಂದಕ್ಕೊಂದು ನೆರವಾಗುತ್ತವೆ, ಸಾಯಬೇಕಾದವು ಜಾತಿಯ ಹಿತಕ್ಕೆ ತಾವೇ ಸಾಯುತ್ತವೆ ಎಂಬುದು ವಿವರಣೆ. ನೀರು ಕಡಿಮೆಯ ನೆಲದಲ್ಲಿ ಒತ್ತಾಗಿ ನೆಟ್ಟ ಸಸಿಗಳಿಗೆ ಏನಾಗುತ್ತದೆಂದು ರಾಗಿ ಹೊಲಕ್ಕೆ ಕುಂಟೆ ಹೊಡೆದು ಪೈರು ತೆಳುಗೊಳಿಸುವ ರೈತರಿಗೆ ಗೊತ್ತು. ಹೆಚ್ಚಿನ ಸಸಿಗಳು ಸತ್ತವು. ಎಂಗೆಲ್ಸ್ 70 ವರ್ಷ ಮೊದಲೇ ಕೊಟ್ಟಿದ್ದ ಎಚ್ಚರಿಕೆಯನ್ನು ಅವರ ಹೆಸರು ಹೇಳುವವರೇ ಓದಲಿಲ್ಲ.

ಬೆಲೆ ತೆತ್ತವರು ಬೇರೆ. ಲೈಸೆಂಕೋ ವಾದವನ್ನು ಎದುರಿಸಿದ ವಿಜ್ಞಾನಿ, ಬೆಳೆಗಳ ಮೂಲನೆಲೆಗಳನ್ನು ಗುರುತಿಸಿ, ಲೆನಿನ್‌ಗ್ರಾಡಿನಲ್ಲಿ ಎರಡು ಲಕ್ಷಕ್ಕೂ ಹೆಚ್ಚು ಬೀಜಮಾದರಿಗಳ ಸಂಗ್ರಹ ಕಟ್ಟಿದ ನಿಕೊಲಾಯ್ ವಾವಿಲೋವ್ ಅವರನ್ನು 1940ರ ಆಗಸ್ಟ್‌ನಲ್ಲಿ ಬಂಧಿಸಲಾಯಿತು. 1943ರ ಜನವರಿ 26ರಂದು ಅವರು ಸರಾತೋವ್ ಜೈಲಿನಲ್ಲಿ ಹಸಿವಿನಿಂದ ನವೆದು ತೀರಿಕೊಂಡರು. ಎರಡನೇ ಮಹಾಯುದ್ಧದಲ್ಲಿ ಜರ್ಮನ್ ಸೇನೆ ಲೆನಿನ್‌ಗ್ರಾಡಿಗೆ ಹಾಕಿದ ಮುತ್ತಿಗೆಯಲ್ಲಿ ಅವರ ಸಂಸ್ಥೆಯ ಹಲವರು ಬೀಜದ ಭತ್ತ, ನೆಲಗಡಲೆಯನ್ನು ಮುಟ್ಟದೆ ಉಪವಾಸದಿಂದ ಸತ್ತರು. 1948ರ ಆಗಸ್ಟ್‌ನಿಂದ ತಳಿವಿಜ್ಞಾನಕ್ಕೇ ಅಧಿಕೃತ ನಿಷೇಧ ಬಿತ್ತು. ಲೈಸೆಂಕೋ ತಳಿವಿಜ್ಞಾನ ಸಂಸ್ಥೆಯ ಕುರ್ಚಿ ಬಿಟ್ಟದ್ದು 1965ರಲ್ಲಿ.

ಪ್ರಶ್ನೆ: ಸೋವಿಯತ್ ಆಳ್ವಿಕೆ ಶುರುವಿನಿಂದಲೂ ಪರಿಸರಕ್ಕೆ ಶತ್ರುವಾಗಿತ್ತೇ? (ಕಲಬುರಗಿ)

ಉತ್ತರ: ಇಲ್ಲ. ನಿಸರ್ಗದ ತಾಣಗಳನ್ನು ಕಾಯುವ ಆಜ್ಞೆಗೆ 1921ರಲ್ಲಿ ಲೆನಿನ್ ಸಹಿ ಹಾಕಿದರು. ಮನುಷ್ಯರ ಕೈ ತಾಗದಂತೆ ಅಧ್ಯಯನಕ್ಕೆಂದೇ ಬಿಟ್ಟ ‘ಜಪೋವೆದ್ನಿಕ್’ ಎಂಬ ಕಾಯ್ದಿಟ್ಟ ನೆಲಗಳು ಬೆಳೆದವು. 1951ರಲ್ಲಿ ಅವುಗಳನ್ನು 128ರಿಂದ 40ಕ್ಕೆ ಇಳಿಸಿದ್ದೂ ಅದೇ ರಾಜ್ಯ. ಅರಲ್ ಸಮುದ್ರದ ಕಥೆ ಇನ್ನೂ ಕಹಿ: 1960ರಲ್ಲಿ ಸುಮಾರು 68,000 ಚದರ ಕಿ.ಮೀ. ಇದ್ದ ಸರೋವರ, ಅಮು ಮತ್ತು ಸಿರ್ ನದಿಗಳ ನೀರನ್ನು ಹತ್ತಿಗೆ ತಿರುಗಿಸಿದ್ದರಿಂದ ಬತ್ತಿತು. ಕರಕುಂ ಕಾಲುವೆಯನ್ನು ತಳಕ್ಕೆ ಗಾರೆ ಹಾಕದೆ ಮರಳಿನಲ್ಲಿ ತೋಡಿದ್ದರಿಂದ ನೀರಿನ ದೊಡ್ಡ ಪಾಲು ಹೊಲ ಮುಟ್ಟುವ ಮೊದಲೇ ಇಂಗಿಹೋಯಿತು. ಬಸಿಗಾಲುವೆ ಸಾಲದ ಹೊಲಗಳಲ್ಲಿ ಉಪ್ಪು ಮೇಲೆದ್ದಿತು. ಟನ್ನಿನ ಗುರಿಯನ್ನು ಮೇಲಿನಿಂದ ನಿಗದಿ ಮಾಡಿ ನೀರಿನ ಲೆಕ್ಕ ಕೇಳದಿದ್ದರೆ, ಒಡೆತನ ಯಾರದ್ದಾದರೂ ಬಿರುಕು ಬೀಳುತ್ತದೆ. ಇದನ್ನು ಒಪ್ಪದ ಮಾರ್ಕ್ಸ್‌ವಾದಿಗಳ ಜೊತೆ ನಮಗೆ ಭಿನ್ನಾಭಿಪ್ರಾಯವಿದೆ.

ಪ್ರಶ್ನೆ: ಇಂಥದ್ದೆಲ್ಲ ಆದಮೇಲೂ ಮಾರ್ಕ್ಸ್‌ವಾದದಿಂದ ಜೀವವಿಜ್ಞಾನಕ್ಕೆ ಉಪಯೋಗವಾದದ್ದು ಇದೆಯೇ? (ಬೆಂಗಳೂರು)

ಉತ್ತರ: ಇದೆ. ಜೀವ ಹುಟ್ಟಿದ್ದು ಆಮ್ಲಜನಕವಿಲ್ಲದ ಆದಿ ಸಮುದ್ರದ ರಸಾಯನಗಳಿಂದ ಎಂಬ ಕಲ್ಪನೆಯನ್ನು 1924ರಲ್ಲಿ ಸೋವಿಯತ್ ಜೀವರಸಾಯನ ವಿಜ್ಞಾನಿ ಒಪಾರಿನ್, 1929ರಲ್ಲಿ ಬ್ರಿಟನ್ನಿನ ಜೀವವಿಜ್ಞಾನಿ ಜೆ.ಬಿ.ಎಸ್. ಹಾಲ್ಡೇನ್ ಬೇರೆ ಬೇರೆಯಾಗಿ ಮುಂದಿಟ್ಟರು. ಬ್ರಿಟಿಷ್ ಕಮ್ಯುನಿಸ್ಟ್ ಪಕ್ಷದಲ್ಲಿದ್ದು ಮುಂದೆ ಅದರಿಂದ ದೂರವಾದ ಹಾಲ್ಡೇನ್ 1957ರಲ್ಲಿ ಭಾರತಕ್ಕೆ ಬಂದರು, ಇಲ್ಲಿನ ಪೌರತ್ವ ಪಡೆದು 1964ರಲ್ಲಿ ಭುವನೇಶ್ವರದಲ್ಲಿ ತೀರಿಕೊಂಡರು.

ಇದಕ್ಕಿಂತ ಆಳವಾದದ್ದು ರಿಚರ್ಡ್ ಲೆವೊಂಟಿನ್ ಮತ್ತು ರಿಚರ್ಡ್ ಲೆವಿನ್ಸ್ ಎಂಬ ಅಮೆರಿಕದ ಇಬ್ಬರು ಮಾರ್ಕ್ಸ್‌ವಾದಿ ಜೀವವಿಜ್ಞಾನಿಗಳ ಕೆಲಸ. ಪರಿಸರ ಒಂದು ಬೀಗ, ಜೀವಿ ಅದಕ್ಕೆ ಹೊಂದುವ ಕೀಲಿ ಎಂಬ ಚಿತ್ರ ತಪ್ಪು ಎಂದು ಅವರು ವಾದಿಸಿದರು. ಜೀವಿ ತಾನಿರುವ ಪರಿಸರವನ್ನು ತಾನೇ ಕಟ್ಟಿಕೊಳ್ಳುತ್ತದೆ, ಹಾಗೆ ಬದಲಾದ ಪರಿಸರ ಮುಂದಿನ ಪೀಳಿಗೆಯನ್ನು ಆಯ್ದುಕೊಳ್ಳುತ್ತದೆ. ಒಳ್ಳೆಯ ಉದಾಹರಣೆ ಡಾರ್ವಿನ್ನರ ಕೊನೆಯ ಪುಸ್ತಕದಲ್ಲೇ ಇದೆ. 1881ರಲ್ಲಿ ಅವರು ಎರೆಹುಳುಗಳ ಹಿಕ್ಕೆಯನ್ನು ಆಯ್ದು ಒಣಗಿಸಿ ತೂಗಿ, ಇಂಗ್ಲೆಂಡಿನ ಹಲವೆಡೆ ಎಕರೆಗೆ ವರ್ಷಕ್ಕೆ 10 ಟನ್ನಿಗೂ ಹೆಚ್ಚು ಒಣಮಣ್ಣು ಅವುಗಳ ಹೊಟ್ಟೆಯ ಮೂಲಕ ಮೇಲೆ ಬರುತ್ತದೆಂದು ಲೆಕ್ಕ ಕೊಟ್ಟರು. ಎರೆಹುಳುವಿನ ಚರ್ಮಕ್ಕೆ ತೇವ ಬೇಕು. ಅದು ತೋಡುವ ಬಿಲ, ಬೆರೆಸುವ ಎಲೆ, ಬಿಡುವ ಲೋಳೆ ಎಲ್ಲ ಸೇರಿ ಆ ತೇವವನ್ನು ಹಿಡಿದಿಡುವ ಮಣ್ಣನ್ನು ಮಾಡುತ್ತವೆ.